ಕೆಳಗಿನಿಂದ ಕತ್ತರಿಸುವ ಅಭ್ಯಾಸ

ಪತ್ರಿಕೆಯ ಡೆಸ್ಕ್‌ಗೆ ಸೇರಿದವರಿಗೆ ಮೊದಲ ವಾರವೇ ಹೇಳಿಕೊಡುವ ಪಾಠ: ಜಾಗ ಸಾಲದಿದ್ದರೆ ಸುದ್ದಿಯನ್ನು ಕೆಳಗಿನಿಂದ ಕತ್ತರಿಸು. ಮೈಸೂರಿನಲ್ಲಿ ಕೂತು ಮಂಡ್ಯ ಪುಟ ನೋಡಿಕೊಳ್ಳುತ್ತಿದ್ದ ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ.

ರೈತ ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ತೀರಿಕೊಂಡಿದ್ದು 2004ರ ಫೆಬ್ರುವರಿ 3ರಂದು. ಒಂದು ವರ್ಷ ಆ ದಿನದ ಪತ್ರಿಕೆಗೆ ಇನ್ನೂರು ಪದ ಬರೆದಿದ್ದೆ. ರಾತ್ರಿ ಜಾಹೀರಾತು ಬಂತು, ನೂರಕ್ಕೆ ಇಳಿಸಿದೆ. ಉಳಿದದ್ದು ಹಸಿರು ಶಾಲು, ರೈತರ ಸ್ವಾಭಿಮಾನ, ‘ಧೀಮಂತ ಹೋರಾಟಗಾರ’.

ಬೆಳಿಗ್ಗೆ ಮದ್ದೂರು ಕಡೆಯ ಹಿರಿಯ ರೈತರೊಬ್ಬರ ಫೋನು. ‘ಶಾಲಿನ್ ಬಣ್ಣ ಬರ್ದಿದ್ದೀರ, ಸರಿ. ಯಾರ್ ಮೇಲೆ ಜಗಳಕ್ ನಿಂತಿದ್ರು ಅಂತ ಎಲ್ಲೈತೆ ಸಾರ್?’

ಕತ್ತರಿಸಿದ್ದನ್ನು ತೆಗೆದು ನೋಡಿದೆ. ಎಲ್ಲ ಅಲ್ಲೇ ಬಿದ್ದಿತ್ತು. ಜಪ್ತಿಯಾದ ಸಾಮಾನನ್ನು ರೈತರೇ ಹೋಗಿ ವಾಪಸ್ ತಂದ ಮರುಜಪ್ತಿ. ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಎನ್ನುವ ವಾದ. ಅನುಮತಿ ಇಲ್ಲದೆ ಅಧಿಕಾರಿಗಳು ಬರಕೂಡದು ಅಂತ ಊರ ಬಾಗಿಲಲ್ಲಿ ಹಾಕಿದ ಬೋರ್ಡು. 1992ರ ಡಿಸೆಂಬರಿನಲ್ಲಿ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟದ್ದು. 1998ರಲ್ಲಿ ಕುಲಾಂತರಿ ತಳಿಯಾದ ಬಿಟಿ ಹತ್ತಿಯ ಪ್ರಯೋಗದ ಹೊಲಕ್ಕೆ ಬೆಂಕಿ. (ಕಚೇರಿಗೆ ನುಗ್ಗಿದ್ದು ನನಗೂ ಪೂರ್ತಿ ಒಪ್ಪಿಗೆಯಲ್ಲ. ಅದು ಬೇರೆ ಮಾತು.) ಇಷ್ಟನ್ನೂ ತೆಗೆದ ಮೇಲೆ ಉಳಿಯುವುದು ಶಾಲು ಮಾತ್ರ, ಅಲ್ವಾ?

ಮಾಲೀಕರ ಒತ್ತಡ ಅಂತ ಹೇಳಿಕೊಂಡರೆ ಸುಳ್ಳಾಗುತ್ತದೆ. ‘ಅದನ್ನು ತೆಗಿ’ ಅಂತ ಯಾರೂ ಅಂದಿರಲಿಲ್ಲ. ಯಾರಿಗೂ ಸಿಟ್ಟು ಬರದ ಸಾಲುಗಳನ್ನು ಮೇಲಿಟ್ಟು, ಜಗಳವನ್ನು ಕೆಳಗಿಟ್ಟವನು ನಾನೇ. ಕತ್ತರಿ ಆಮೇಲೆ ಬಂತು.

ಏಪ್ರಿಲ್ 4ರ ‘ಈ ದಿನ’ ಅಂಕಣದಲ್ಲೂ ಇದೇ ಕತೆ. ಮಾರ್ಟಿನ್ ಲೂಥರ್ ಕಿಂಗ್ ಅಂದರೆ 1963ರ ಕನಸಿನ ಭಾಷಣ, ಗುಂಡೇಟು, ಮುಗೀತು. 1967ರಲ್ಲಿ ಇದೇ ತಾರೀಕಿನಂದು ಅವರು ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಮಾತಾಡಿದಾಗ ಅಮೆರಿಕದ ದೊಡ್ಡ ಪತ್ರಿಕೆಗಳೇ ಸಂಪಾದಕೀಯ ಬರೆದು ತರಾಟೆಗೆ ತೆಗೆದುಕೊಂಡವು. 1968ರ ಅದೇ ದಿನ ಕೊಲೆಯಾದಾಗ ಅವರು ಮೆಂಫಿಸ್‌ನಲ್ಲಿ ಇದ್ದದ್ದು ಮುಷ್ಕರ ಹೂಡಿದ್ದ ಸುಮಾರು 1,300 ಪೌರಕಾರ್ಮಿಕರ ಬೆಂಬಲಕ್ಕೆ. ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಸತ್ತ ಮೇಲೆ ಶುರುವಾದ ಮುಷ್ಕರ ಅದು. ಮೈಸೂರು ದೇಶದ ಸ್ವಚ್ಛ ನಗರ ಅನ್ನಿಸಿಕೊಂಡಾಗ ದೊಡ್ಡ ಹೆಡ್‌ಲೈನ್ ಹಾಕಿದವನು ನಾನು. ಕಿಂಗ್ ಬಗ್ಗೆ ಪ್ರತಿವರ್ಷ ಬರೆಯುವಾಗ ಪೌರಕಾರ್ಮಿಕ ಅನ್ನುವ ಪದ ಒಂದು ಸಲವೂ ಬಂದಿರಲಿಲ್ಲ.

ಈಗ ‘ಹೋರಾಟಗಾರ’ ಅಂತ ಕಂಡ ಕಡೆಯೆಲ್ಲ ಪ್ರಿಂಟ್‌ಔಟ್‌ನ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತೇನೆ: ಯಾರ ವಿರುದ್ಧ? ಏನು ಕೇಳಿದರು? ಉತ್ತರಕ್ಕೆ ಜಾಗ ಬೇಕಾದರೆ ಮೊದಲು ಹೋಗುವುದು ‘ಧೀಮಂತ’, ಆಮೇಲೆ ‘ಸರಳ ಸಜ್ಜನಿಕೆ’.

ಮರುವರ್ಷ ಫೆಬ್ರುವರಿಯಲ್ಲಿ ಅದೇ ನೂರು ಪದದೊಳಗೆ ಮರುಜಪ್ತಿ, ಕಾರ್ಗಿಲ್ ಎರಡನ್ನೂ ಹಿಡಿಸಿದೆ. ಶಾಲು ಹೇಗೂ ಫೋಟೋದಲ್ಲಿ ಇತ್ತು. ಆವತ್ತೂ ಫೋನ್ ಬಂತು, ಬೇರೆಯವರದು. ‘ದೊಡ್ಡೋರ ಬಗ್ಗೆ ಹಿಂಗೆಲ್ಲ ಬರೀತಾರಾ ಸಾರ್, ಗಲಾಟೆ ಮಾಡ್ದೋರು ಅನ್ನೋ ಹಂಗೆ?’ ಕಾಲು ಗಂಟೆ ಮಾತಾಡಿದೆವು. ಅವರು ಒಪ್ಪಲಿಲ್ಲ.