ಅಳಿಯನ ಹೃದಯ ಮತ್ತು ಸೂಜಿಯ ದಾರಿ

ಕಳೆದ ಏಪ್ರಿಲ್‌ನಲ್ಲಿ ಮೈದಾನದಲ್ಲಿ ಓಡುತ್ತಿದ್ದ ನನ್ನ ಅಕ್ಕನ ಮಗ, 11 ವರ್ಷದ ಹುಡುಗ, ಎಚ್ಚರ ತಪ್ಪಿ ಬಿದ್ದಾಗ ನಾವೆಲ್ಲ ಅದನ್ನು ಕಲಬುರಗಿಯ ಬಿಸಿಲಿನ ಲೆಕ್ಕಕ್ಕೆ ಹಾಕಿ, ನಿಂಬೆ ಶರಬತ್ತು ಕುಡಿಸಿ ಮಲಗಿಸಿದೆವು. ಓಡುವಾಗ ಮಗು ಎಚ್ಚರ ತಪ್ಪಿದರೆ ಇಸಿಜಿ, ಎಕೋ (ಶಬ್ದತರಂಗಗಳಿಂದ ಹೃದಯದ ಚಿತ್ರ ತೋರಿಸುವ ಪರೀಕ್ಷೆ) ಮಾಡಿಸದೆ ಬಿಡಬಾರದೆಂಬುದು ನಮಗೆ ತಿಳಿದದ್ದು ಅವನು ಎರಡನೆಯ ಸಲ ಬಿದ್ದ ಮೇಲೆ. ಹೃದಯದ ಎರಡು ಕೆಳಕೋಣೆಗಳ ನಡುವಿನ ಗೋಡೆ ದಪ್ಪವಾಗಿ, ರಕ್ತ ಹೊರಗೆ ಹರಿಯುವ ದಾರಿಯನ್ನೇ ಇಕ್ಕಟ್ಟಾಗಿಸಿತ್ತು.

"ಎದಿ ಸೀಳಬ್ಯಾಡ್ರಿ, ಸೂಜೀಲೆ ಮಾಡ್ಲಿಕ್ಕೆ ಬರತದೇನ್ರಿ?" ಎಂದು ಅಕ್ಕ ಕೇಳಿದಳು. ವೈದ್ಯರು ಅವಸರಪಡದೆ, ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು.

1994ರಲ್ಲಿ ಲಂಡನ್ನಿನಲ್ಲಿ ಹೃದ್ರೋಗ ತಜ್ಞ ಉಲ್ರಿಚ್ ಸಿಗ್ವಾರ್ಟ್ ಆರಂಭಿಸಿದ ವಿಧಾನದಲ್ಲಿ, ರಕ್ತನಾಳದೊಳಗೆ ತೆಳುವಾದ ನಳಿಕೆ ಸಾಗಿಸಿ, ದಪ್ಪಗೋಡೆಗೆ ರಕ್ತ ಒಯ್ಯುವ ಕವಲಿಗೆ ಕೆಲವೇ ಮಿಲಿಲೀಟರ್ ಆಲ್ಕೋಹಾಲ್ ಬಿಡುತ್ತಾರೆ. ಅಲ್ಲಿಯ ಸ್ನಾಯು ಸತ್ತು ತೆಳುವಾಗಿ ದಾರಿ ಬಿಡುತ್ತದೆ. ದೊಡ್ಡವರಿಗೆ ಇದು ನೆರವಾಗಿದೆ. ಆದರೆ ಮಕ್ಕಳ ರಕ್ತನಾಳಗಳು ಸಣ್ಣವು. ಮೇಲಾಗಿ ಸತ್ತ ಸ್ನಾಯುವಿನ ಕಲೆ ಬದುಕಿಡೀ ಉಳಿದು ಹೃದಯದ ಲಯ ತಪ್ಪಿಸಬಹುದು ಎಂಬ ಕಾರಣಕ್ಕೆ ಅವರಿಗೆ ಇದನ್ನು ಸಾಮಾನ್ಯವಾಗಿ ಸೂಚಿಸುವುದಿಲ್ಲ. ಚೀನಾದ ಶಿಯಾನ್ ನಗರದ ವೈದ್ಯರು ರೂಪಿಸಿದ ಇನ್ನೊಂದು ವಿಧಾನದಲ್ಲಿ, ಎಕೋ ನೋಡುತ್ತಲೇ ಪಕ್ಕೆಲುಬುಗಳ ನಡುವಿನಿಂದ ಸೂಜಿಯನ್ನು ನೇರವಾಗಿ ಆ ಗೋಡೆಯೊಳಗೆ ತೂರಿಸಿ, ರೇಡಿಯೋ ತರಂಗಗಳ ಶಾಖದಿಂದ ಸ್ನಾಯುವನ್ನು ಕುಗ್ಗಿಸುತ್ತಾರೆ. ಇದನ್ನು ಮಕ್ಕಳಿಗೂ ಮಾಡಿದ್ದಾರೆ; ಆದರೆ ಆ ಮಕ್ಕಳು ಬೆಳೆದು ನಡುವಯಸ್ಸು ಮುಟ್ಟಿದ ಮೇಲೆ ಏನಾಗುತ್ತದೆ ಎಂಬ ಅನುಭವ ಇನ್ನೂ ಕೂಡಿಬಂದಿಲ್ಲ. ಔಷಧಕ್ಕೆ ಬಗ್ಗದಿದ್ದರೆ, ನುರಿತ ಕೈಗಳಲ್ಲಿ ಎದೆ ತೆರೆದು ಹೆಚ್ಚಿನ ಸ್ನಾಯುವನ್ನು ಕೆತ್ತಿ ತೆಗೆಯುವ ಶಸ್ತ್ರಚಿಕಿತ್ಸೆಯೇ ಮಕ್ಕಳಿಗೆ ಇಂದಿಗೂ ಮೊದಲ ಆಯ್ಕೆ. ಗಾಯ ಸಣ್ಣದೆಂದ ಮಾತ್ರಕ್ಕೆ ಅಪಾಯವೂ ಸಣ್ಣದೆಂದು ನಂಬಿದ್ದ ನನಗೆ ಇದು ಒಪ್ಪಿಕೊಳ್ಳಲು ಕಷ್ಟವಾಯಿತು.

ಸದ್ಯ ಹುಡುಗನಿಗೆ ಹೃದಯದ ಬಡಿತವನ್ನು ನಿಧಾನಗೊಳಿಸುವ ಪ್ರೊಪ್ರನಾಲಾಲ್ ಮಾತ್ರೆ ನಡೆದಿದೆ. ಬಿಸಿಲನ್ನು ದೂರಿದ್ದು ಪೂರ್ತಿ ತಪ್ಪೂ ಅಲ್ಲ: ಬೆವರಿ ನೀರಿನಂಶ ಕಡಿಮೆಯಾದರೆ ಹೃದಯದ ಕೋಣೆ ಸರಿಯಾಗಿ ತುಂಬದೆ, ಇಕ್ಕಟ್ಟಾದ ದಾರಿ ಮತ್ತಷ್ಟು ಇಕ್ಕಟ್ಟಾಗುತ್ತದೆ. ಹೀಗಾಗಿ ನೀರಿನ ಬಾಟಲಿ ಸದಾ ಅವನ ಜೊತೆಗಿರುತ್ತದೆ.

ಇದು ವಂಶವಾಹಿಯಲ್ಲಿ ಬರುವ ಕಾಯಿಲೆಯಾದ್ದರಿಂದ ಅಕ್ಕ, ಭಾವ ಇಬ್ಬರೂ ಎಕೋ ಮಾಡಿಸಿದರು. ಭಾವನ ಗೋಡೆಯೂ ದಪ್ಪವಿದೆ. ಅಂದರೆ ಅವರ ಪ್ರತಿ ಮಗುವಿಗೂ ಇದು ಬರುವ ಸಾಧ್ಯತೆ ಅರ್ಧದಷ್ಟು. ಆರು ವರ್ಷದ ಕಿರಿಯಳ ಪರೀಕ್ಷೆ ಬರುವ ಸೋಮವಾರ ಇದೆ.