ಮೂರನೇ ಚಕ್ರ ಎಲ್ಲಿರಬೇಕು? ವಿಸ್ಕಾನ್ಸಿನ್ ಪೈಲಟ್‌ಗಳ ಮುಗಿಯದ ಜಗಳ

ಅಮೆರಿಕದಲ್ಲಿ ಪೈಲಟ್ ಅಂದ ತಕ್ಷಣ ಏರ್‌ಲೈನ್ ಕೆಲಸದವರು ಅಂದುಕೊಳ್ಳಬೇಕಿಲ್ಲ. ಹಲ್ಲಿನ ಡಾಕ್ಟರು, ಹೈನುಗಾರಿಕೆ ಮಾಡುವ ರೈತರು, ಶಾಲೆಯ ಮೇಷ್ಟ್ರು, ನನ್ನ ಥರದ ಸಾಫ್ಟ್‌ವೇರ್‌ನವರು, ಎಲ್ಲರೂ ರಜೆ ಬಂತೆಂದರೆ ಪುಟ್ಟ ವಿಮಾನ ಹತ್ತಿ ಹಾರುತ್ತಾರೆ. ನಾನಿರುವ ವಿಸ್ಕಾನ್ಸಿನ್‌ನಲ್ಲಿ ಈ ಹುಚ್ಚು ಸ್ವಲ್ಪ ಜಾಸ್ತಿಯೇ. ಪ್ರತಿ ಜುಲೈ ಕೊನೆಗೆ ಆಶ್‌ಕಾಷ್ ಊರಲ್ಲಿ ಏರ್‌ವೆಂಚರ್ ಮೇಳ ನಡೆಯುತ್ತದೆ. ಸಾವಿರಾರು ವಿಮಾನಗಳು ಬಂದಿಳಿಯುತ್ತವೆ. ಎಷ್ಟೋ ಜನ ತಮ್ಮ ವಿಮಾನದ ರೆಕ್ಕೆಯ ಪಕ್ಕದಲ್ಲೇ ಟೆಂಟ್ ಹಾಕಿ ಮಲಗುತ್ತಾರೆ.

ಇವರ ನಡುವೆ ಒಂದು ಹಳೆಯ ಜಗಳವಿದೆ. ಸಣ್ಣ ವಿಮಾನಕ್ಕೆ ಮೂರು ಚಕ್ರ. ಎರಡು ದೊಡ್ಡವು ಹೊಟ್ಟೆಯ ಕೆಳಗೆ. ಮೂರನೆಯದು ಎಲ್ಲಿ? ಮೂಗಿನ ಕೆಳಗಿದ್ದರೆ ನೋಸ್‌ವೀಲ್, ಬಾಲದ ಕೆಳಗಿದ್ದರೆ ಟೈಲ್‌ವೀಲ್. ಟೈಲ್‌ವೀಲ್ ಹಾರಿಸುವವನೇ ನಿಜವಾದ ಪೈಲಟ್ ಅಂತ ಒಂದು ಗುಂಪು. ಹಳೇ ಕಾಲದ ತಾಪತ್ರಯ ಈಗ ಯಾಕೆ ಅಂತ ಇನ್ನೊಂದು. ನಾನು ಎರಡನ್ನೂ ಹಾರಿಸಿದ್ದೇನೆ, ಎರಡನ್ನೂ ಪ್ರೀತಿಸುತ್ತೇನೆ. ನನ್ನ ಪ್ರಕಾರ ಇದು ಗಂಡಸುತನದ ಪ್ರಶ್ನೆಯೂ ಅಲ್ಲ, ಹಳತು ಹೊಸತರ ಪ್ರಶ್ನೆಯೂ ಅಲ್ಲ. ಇದು ನೆಲದ ಪ್ರಶ್ನೆ.

ಮೂಗಿನ ಚಕ್ರ ಹೊಸದಾಗಿ ಬಂದದ್ದು ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. ಅಮೆರಿಕದ ಮೊದಮೊದಲ ವಿಮಾನ ತಯಾರಕರಲ್ಲಿ ಒಬ್ಬರಾದ ಗ್ಲೆನ್ ಕರ್ಟಿಸ್ 1908ರ ಸುಮಾರಿಗೆ ಕಟ್ಟಿದ ವಿಮಾನಗಳಿಗೇ ಮುಂದೊಂದು ಚಕ್ರವಿತ್ತು. ಆಮೇಲೆ ಅದು ಹಿಂದಕ್ಕೆ ಹೋಯಿತು, ಅದಕ್ಕೆ ಕಾರಣ ಹುಲ್ಲು. ಆಗಿನ ವಿಮಾನ ನಿಲ್ದಾಣ ಅಂದರೆ ಒಂದು ದೊಡ್ಡ ಬಯಲು. ಹಳ್ಳ ದಿಣ್ಣೆ, ಕಲ್ಲು, ಕೆಸರು ಎಲ್ಲ ಇರುತ್ತಿತ್ತು. ಮೂಗು ಮೇಲಕ್ಕೆತ್ತಿ ನಿಂತರೆ ಪ್ರೊಪೆಲ್ಲರ್ ನೆಲದಿಂದ ದೂರ ಉಳಿಯುತ್ತದೆ. ಬಾಲದ ಕೆಳಗೆ ಪುಟ್ಟ ಚಕ್ರ ಸಾಕು, ತೂಕ ಕಡಿಮೆ, ಗಾಳಿಯ ತಡೆಯೂ ಕಡಿಮೆ. ಇನ್ನೂ ಮುಖ್ಯವಾದ ಮಾತೆಂದರೆ, ಬಯಲಿಗೆ ದಿಕ್ಕಿಲ್ಲ. ಗಾಳಿ ಯಾವ ಕಡೆಯಿಂದ ಬೀಸಿದರೂ ಅದಕ್ಕೆ ಎದುರಾಗಿಯೇ ಇಳಿಯಬಹುದಿತ್ತು. ಅಡ್ಡಗಾಳಿಯ ಕಾಟವೇ ಹೆಚ್ಚಿರಲಿಲ್ಲ.

ಕಾಂಕ್ರೀಟ್ ರನ್‌ವೇ ಬಂದಮೇಲೆ ಲೆಕ್ಕ ತಲೆಕೆಳಗಾಯಿತು. ರನ್‌ವೇಗೆ ಒಂದೇ ದಿಕ್ಕು. ಗಾಳಿ ಅದರ ಮಾತು ಕೇಳಬೇಕಲ್ಲ? ಮೇಲಾಗಿ ಹುಲ್ಲಿನ ಮೇಲೆ ಟೈರು ಸ್ವಲ್ಪ ಜಾರುತ್ತದೆ, ಸಣ್ಣ ತಪ್ಪನ್ನು ನುಂಗಿಕೊಳ್ಳುತ್ತದೆ. ಡಾಂಬರು ಕಚ್ಚಿ ಹಿಡಿಯುತ್ತದೆ. ಟೈಲ್‌ವೀಲ್‌ಗೆ ಅಂಟಿದ ಕೆಟ್ಟ ಹೆಸರಿನಲ್ಲಿ ಅರ್ಧ ಈ ಡಾಂಬರಿನದ್ದು.

ಉಳಿದರ್ಧ ಅದರ ಸ್ವಭಾವದ್ದೇ. ಅಂಗೈ ಮೇಲೆ ಕೋಲು ನಿಲ್ಲಿಸಿ ನೋಡಿ. ಅದು ಬೀಳುವ ಕಡೆಗೆ ಕೈ ಓಡುತ್ತಲೇ ಇರಬೇಕು, ಅಲ್ವಾ? ನೆಲದ ಮೇಲೆ ಓಡುವ ಟೈಲ್‌ವೀಲ್ ವಿಮಾನವೂ ಹಾಗೆಯೇ. ಅದರ ತೂಕದ ಕೇಂದ್ರ ದೊಡ್ಡ ಚಕ್ರಗಳ ಹಿಂದಿದೆ. ಮೂಗು ಕೊಂಚ ಪಕ್ಕಕ್ಕೆ ತಿರುಗಿದರೆ ಸಾಕು, ಹಿಂದಿನ ಭಾರ ನೇರ ನುಗ್ಗಿ ಮುಂದೆ ಬರಲು ನೋಡುತ್ತದೆ. ತಕ್ಷಣ ಕಾಲಿನಿಂದ ಪೆಡಲ್ ಒತ್ತಿ ತಡೆಯದಿದ್ದರೆ ವಿಮಾನ ಗಿರಕಿ ಹೊಡೆಯುತ್ತದೆ. ಇದಕ್ಕೇ ಗ್ರೌಂಡ್ ಲೂಪ್ ಅನ್ನುತ್ತಾರೆ. ವೇಗ ಕಡಿಮೆ ಇರುವುದರಿಂದ ಜನರಿಗೆ ಪೆಟ್ಟಾಗುವುದು ಅಪರೂಪ. ಆದರೆ ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತದೆ, ಚಕ್ರದ ಕಾಲು ಮುರಿಯಬಹುದು. ಪ್ರೊಪೆಲ್ಲರ್ ನೆಲಕ್ಕೆ ಬಡಿದರಂತೂ ಎಂಜಿನ್ ಬಿಚ್ಚಿಯೇ ನೋಡಬೇಕು. ನೋಸ್‌ವೀಲ್ ವಿಮಾನದಲ್ಲಿ ತೂಕದ ಕೇಂದ್ರ ದೊಡ್ಡ ಚಕ್ರಗಳ ಮುಂದಿರುತ್ತದೆ. ಸ್ವಲ್ಪ ಓರೆಯಾಗಿ ಇಳಿದರೂ ಅದು ತಾನಾಗಿಯೇ ನೆಟ್ಟಗಾಗುತ್ತದೆ.

ನಾನು ಟೈಲ್‌ವೀಲ್ ಕಲಿತದ್ದು ಹಳದಿ ಬಣ್ಣದ ಪೈಪರ್ ಜೆ-3 ಕಬ್‌ನಲ್ಲಿ. 1938ರಲ್ಲಿ ಪೆನ್ಸಿಲ್ವೇನಿಯಾದ ಲಾಕ್ ಹೇವನ್ ಊರಲ್ಲಿ ಶುರುವಾದ ವಿಮಾನ ಇದು. 1947ರೊಳಗೆ 20,000ದ ಹತ್ತಿರ ತಯಾರಾದವು. ಯುದ್ಧದ ವರ್ಷಗಳಲ್ಲಿ ಸಾವಿರಾರು ಹುಡುಗರು ಮೊದಲು ಹಾರಿದ್ದು ಇದರಲ್ಲೇ. ಬ್ಯಾಟರಿ ಇಲ್ಲ, ಸ್ಟಾರ್ಟರ್ ಇಲ್ಲ. ಪ್ರೊಪೆಲ್ಲರನ್ನು ಕೈಯಲ್ಲೇ ತಿರುಗಿಸಿ ಎಂಜಿನ್ ಹೊತ್ತಿಸಬೇಕು. ಪೆಟ್ರೋಲ್ ಎಷ್ಟಿದೆ ಅಂತ ತಿಳಿಯಲು ಮೀಟರ್ ಇಲ್ಲ. ಟ್ಯಾಂಕಿನೊಳಗೆ ಒಂದು ಕಾರ್ಕ್ ತೇಲುತ್ತದೆ. ಅದಕ್ಕೆ ಸಿಕ್ಕಿಸಿದ ತಂತಿ ಮುಚ್ಚಳದಿಂದ ಮೇಲೆದ್ದು ಗಾಜಿನ ಎದುರು ಕಾಣುತ್ತದೆ. ತಂತಿ ಗಿಡ್ಡವಾಯಿತು ಅಂದರೆ ಇಳಿಯುವ ಹೊತ್ತು ಬಂತು.

ಕಲಿಯುವವರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಎದುರಿಗೆ ಕಾಣುವುದು ಇನ್‌ಸ್ಟ್ರಕ್ಟರ್ ಬೆನ್ನು, ಅದರಾಚೆ ಎತ್ತಿದ ಮೂಗು. ನೇರ ಮುಂದೆ ಏನೂ ಕಾಣದು. ಅದಕ್ಕೇ ನೆಲದ ಮೇಲೆ ಹಾವಿನ ಹಾಗೆ ಎಡಕ್ಕೆ ಬಲಕ್ಕೆ ತಿರುಗುತ್ತಾ, ಪಕ್ಕದಿಂದ ಇಣುಕಿ ನೋಡುತ್ತಾ ಹೋಗಬೇಕು. ಇಳಿಯುವಾಗ ನೆಲದಿಂದ ಒಂದಡಿಯೂ ಇಲ್ಲದ ಎತ್ತರದಲ್ಲಿ, ಮೂಗು ಏರಿಸಿ ಇಳಿಸುವ ಕೋಲಾದ ಸ್ಟಿಕ್ಕನ್ನು ನಿಧಾನವಾಗಿ ಹೊಟ್ಟೆಯ ಕಡೆಗೆ ಎಳೆಯುತ್ತಾ ಬರುತ್ತೀರಿ. ಇನ್ನು ಎಳೆಯಲು ಜಾಗ ಉಳಿಯದ ಹೊತ್ತಿಗೆ ಮೂರೂ ಚಕ್ರ ಒಟ್ಟಿಗೆ ಹುಲ್ಲು ಮುಟ್ಟುತ್ತವೆ.

ಕಷ್ಟ ಇರುವುದು ಅಲ್ಲಿಂದಾಚೆಗೆ. ವಿಮಾನ ನಿಧಾನವಾದಂತೆ ರಡ್ಡರ್ (ಪೆಡಲ್ ಒತ್ತಿದರೆ ಮೂಗನ್ನು ಎಡ ಬಲಕ್ಕೆ ತಿರುಗಿಸುವ ಬಾಲದ ಹಲಗೆ) ಮೇಲೆ ಹರಿಯುವ ಗಾಳಿ ಕಡಿಮೆಯಾಗುತ್ತದೆ, ಅದರ ಶಕ್ತಿ ಕುಗ್ಗುತ್ತದೆ. ಇನ್ನೇನು ನಿಂತಿತು ಅನ್ನುವ ಆ ಕೆಲವು ಸೆಕೆಂಡುಗಳಲ್ಲೇ ಗಿರಕಿ ಹೊಡೆಯುವ ಅಪಾಯ ಜಾಸ್ತಿ. ಪಾದಗಳು ಪುಟಪುಟನೆ ಎಡ ಬಲ ಆಡುತ್ತಲೇ ಇರಬೇಕು. "ಹಗ್ಗ ಬಿಗಿದು ಕಟ್ಟಿಹಾಕುವ ತನಕ ಹಾರಿಸ್ತಾನೇ ಇರು" ಅಂತ ಇಲ್ಲಿನ ಹಿರಿಯರು ಹೇಳುವುದು ಇದಕ್ಕೇ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಅವರೇ ಹೇಳುವ ಇನ್ನೊಂದು ಮಾತು ಮಾತ್ರ ನನಗೆ ಇಷ್ಟವಿಲ್ಲ. ಟೈಲ್‌ವೀಲ್ ಪೈಲಟ್‌ಗಳಲ್ಲಿ ಗ್ರೌಂಡ್ ಲೂಪ್ ಆದವರು, ಇನ್ನು ಆಗಲಿರುವವರು ಅಂತ ಎರಡೇ ಪಂಗಡವಂತೆ. ಇದು ಸುಮ್ನೆ ಹೊಸಬರನ್ನು ಹೆದರಿಸುವ ಮಾತು. ಇಡೀ ಜೀವಮಾನ ಅಂಥದ್ದೊಂದೂ ಆಗದೆ ಹಾರಿಸಿದವರು ಬೇಕಾದಷ್ಟಿದ್ದಾರೆ. ಗಾಳಿ ಜೋರಿದ್ದ ದಿನ ಅವರು ಮನೆಯಲ್ಲಿರುತ್ತಾರೆ, ಅಷ್ಟೇ.

ಇಲ್ಲಿನ ಕಾನೂನೂ ಈ ವ್ಯತ್ಯಾಸವನ್ನು ಒಪ್ಪುತ್ತದೆ. ಲೈಸೆನ್ಸ್ ಇದ್ದರೂ ಟೈಲ್‌ವೀಲ್ ವಿಮಾನವನ್ನು ಸ್ವಂತ ಜವಾಬ್ದಾರಿಯಲ್ಲಿ ಹಾರಿಸಲು ಇನ್‌ಸ್ಟ್ರಕ್ಟರ್ ಒಬ್ಬರು ಲಾಗ್‌ಬುಕ್‌ನಲ್ಲಿ ಸಹಿ ಮಾಡಿರಬೇಕು. ಅಡ್ಡಗಾಳಿಯಲ್ಲಿ ಏರುವುದು ಇಳಿಯುವುದು, ಬಾಲ ಎತ್ತಿಕೊಂಡೇ ಎರಡು ಚಕ್ರದ ಮೇಲೆ ಇಳಿಯುವುದು, ಇಳಿಯದೆ ಮತ್ತೆ ಮೇಲೇರುವುದು, ಇವೆಲ್ಲ ಬರುತ್ತವೆ ಅಂತ ಆ ಸಹಿಯ ಅರ್ಥ. ಇಷ್ಟೇ ಗಂಟೆ ಅಂತ ಲೆಕ್ಕವಿಲ್ಲ, ಬರುವ ತನಕ ಕಲಿಯಬೇಕು. 1991ರ ಏಪ್ರಿಲ್ 15ಕ್ಕೆ ಮೊದಲೇ ಪೈಲಟ್ ಆಗಿ ಟೈಲ್‌ವೀಲ್ ಹಾರಿಸಿದವರಿಗೆ ಮಾತ್ರ ಇದು ಬೇಕಿಲ್ಲ.

ಹಾಗಾದರೆ ನೋಸ್‌ವೀಲ್ ಗೆದ್ದದ್ದು ಹೇಗೆ? ಸೆಸ್ನಾ ಕಂಪನಿ ತನ್ನ ಟೈಲ್‌ವೀಲ್ 170ರ ಚಕ್ರವನ್ನು ಮುಂದಕ್ಕೆ ತಂದು 1956ಕ್ಕೆ 172 ಅಂತ ಮಾರಿತು. "ಲ್ಯಾಂಡ್-ಓ-ಮ್ಯಾಟಿಕ್" ಅಂತ ಜಾಹೀರಾತು ಕೊಟ್ಟಿತು, ಕಾರು ನಿಲ್ಲಿಸಿದಷ್ಟೇ ಸುಲಭ ಅನ್ನಿಸುವ ಹಾಗೆ. ಇವತ್ತಿನವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಜಗತ್ತಿನಲ್ಲಿ ಇಷ್ಟು ತಯಾರಾದ ವಿಮಾನ ಮತ್ತೊಂದಿಲ್ಲ. ಆದರೆ ಮೂಗಿನ ಚಕ್ರಕ್ಕೂ ಅದರದ್ದೇ ಪಾಪವಿದೆ. ವೇಗವಾಗಿ ಬಂದು ಮೂಗಿನ ಮೇಲೇ ಇಳಿದರೆ ವಿಮಾನ ಪುಟಿಯುತ್ತದೆ. ಗಾಬರಿಯಿಂದ ಸ್ಟಿಕ್ ಮುಂದಕ್ಕೆ ಒತ್ತಿದರೆ ಇನ್ನೂ ಜೋರಾಗಿ ಪುಟಿಯುತ್ತದೆ. ಕೊನೆಗೆ ಆ ತೆಳ್ಳಗಿನ ಕಾಲು ಮಡಚಿ ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಮೂಗು ಎತ್ತಿ ಹಿಡಿದು ಇಳಿಯುವುದು ಇಲ್ಲೂ ಬೇಕು. ಟೈಲ್‌ವೀಲ್ ತಪ್ಪನ್ನು ಅಲ್ಲೇ ತೋರಿಸುತ್ತದೆ, ನೋಸ್‌ವೀಲ್ ಸುಮಾರು ದಿನ ಮುಚ್ಚಿಟ್ಟುಕೊಳ್ಳುತ್ತದೆ.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ, ಇದನ್ನು ಇಲ್ಲಿನವರಿಗೆ ಹೇಳುವಾಗ ನನಗೆ ಬಹಳ ಖುಷಿ. ಡಾ. ವಿ. ಎಂ. ಘಾಟಗೆ ಅವರ ತಂಡ ಎಚ್‌ಎಎಲ್‌ನಲ್ಲಿ ಕಟ್ಟಿದ ತರಬೇತಿ ವಿಮಾನ ಎಚ್‌ಟಿ-2 ಮೊದಲು ಹಾರಿದ್ದು 1951ರ ಆಗಸ್ಟ್ 5ರಂದು. ಅದು ಟೈಲ್‌ವೀಲ್. 1958ರಲ್ಲಿ ಹಾರಿದ, ಫ್ಲೈಯಿಂಗ್ ಕ್ಲಬ್‌ಗಳಿಗೆಂದೇ ಮಾಡಿದ ಪುಷ್ಪಕ್ ಕೂಡ ಟೈಲ್‌ವೀಲ್. ಅದು ಇಲ್ಲಿನ ಏರೋಂಕಾ ವಿಮಾನಗಳ ನೆಂಟ. 1977ರಲ್ಲಿ ಬಂದ ಇನ್ನೊಂದು ತರಬೇತಿ ವಿಮಾನ ಎಚ್‌ಪಿಟಿ-32 ಹೊತ್ತಿಗೆ ಚಕ್ರ ಮೂಗಿಗೆ ಬಂದಿತ್ತು. ಅಮೆರಿಕದಲ್ಲಿ ನಡೆದದ್ದೇ ನಮ್ಮಲ್ಲೂ ನಡೆಯಿತು.

ಅಲಾಸ್ಕದಲ್ಲಿ ಮಾತ್ರ ಟೈಲ್‌ವೀಲ್ ಇವತ್ತಿಗೂ ರಾಜ. ನದಿಯ ಕಲ್ಲುದಂಡೆಯ ಮೇಲೆ ದಪ್ಪ ಮೆತ್ತನೆಯ ಟೈರಿನ ಸೂಪರ್ ಕಬ್ ಇಳಿಯುವ ಕಡೆ ಮೂಗಿನ ಚಕ್ರ ಬಾಳುವುದಿಲ್ಲ.

ಊರಿಂದ ಇಲ್ಲಿಗೆ ಬಂದು ಹಾರಲು ಕಲಿಯಬೇಕೆನ್ನುವ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ, ಯಾವುದರಲ್ಲಿ ಕಲಿಯಲಿ ಅಂತ. ಲೈಸೆನ್ಸ್ ನೋಸ್‌ವೀಲ್‌ನಲ್ಲೇ ಮಾಡಿಕೊಳ್ಳಿ. ಬಾಡಿಗೆಗೆ ಸುಲಭವಾಗಿ ಸಿಗುತ್ತದೆ, ವಿಮೆಯೂ ಅಗ್ಗ. ಆಮೇಲೆ ಒಂದಿಷ್ಟು ದುಡ್ಡು ಎತ್ತಿಟ್ಟು ಬ್ರಾಡ್‌ಹೆಡ್‌ನಂಥ ಜಾಗಕ್ಕೆ ಹೋಗಿ. ವಿಸ್ಕಾನ್ಸಿನ್‌ನ ದಕ್ಷಿಣದ ಈ ಪುಟ್ಟ ಊರಿನ ನಿಲ್ದಾಣದಲ್ಲಿ ಮೂರು ರನ್‌ವೇ, ಮೂರೂ ಹುಲ್ಲಿನವು. ಗಾಳಿ ನೋಡಿ ದಿಕ್ಕು ಆರಿಸಿಕೊಳ್ಳಬಹುದು. ಹಿಮ ಕರಗುವ ದಿನಗಳಲ್ಲಿ ನೆಲ ಕೆಸರಾಗಿರುತ್ತದೆ. ಮೇ ತಿಂಗಳ ನಂತರ ಹೋಗಿ, ಹೋಗುವ ಮೊದಲು ಫೋನ್ ಮಾಡಿ ನೆಲ ಒಣಗಿದೆಯಾ ಅಂತ ಕೇಳಿಕೊಳ್ಳಿ.