ಹಸಿವು ಕೂಡಿಟ್ಟುಕೊಂಡು ಪೆನಾಂಗ್‌ನಲ್ಲಿ ಇಳಿದದ್ದು

ಕ್ರೂಸ್ ಹಡಗಿನಲ್ಲಿ ಹಸಿವಾಗಲು ಬಿಡುವುದೇ ಇಲ್ಲ. ಬೆಳಗ್ಗೆ ಬಫೆ. ಅದು ಮುಗಿಯುವ ಹೊತ್ತಿಗೆ ಈಜುಕೊಳದ ಪಕ್ಕ ಪಿಜ್ಜಾ. ಮಧ್ಯಾಹ್ನ ಮತ್ತೆ ಬಫೆ, ನಾಲ್ಕು ಗಂಟೆಗೆ ಕೇಕು, ರಾತ್ರಿ ಮೇಜಿಗೇ ತಂದು ಬಡಿಸುವ ಊಟ. ಅದಾದ ಮೇಲೂ ನಿದ್ದೆ ಬಾರದವರಿಗೆ ಅಂತ ಎಲ್ಲೋ ಒಂದು ಕಡೆ ಏನಾದರೂ ತೆರೆದೇ ಇರುತ್ತದೆ. ಟಿಕೆಟ್ ದುಡ್ಡಿನಲ್ಲೇ ಎಲ್ಲ ಸೇರಿರುವುದರಿಂದ ಕೈ ಹಿಡಿಯುವವರೂ ಇಲ್ಲ. ಬಂದರಿನಲ್ಲಿ ಇಳಿದು ಆ ಊರಿನ ಊಟ ತಿನ್ನಬೇಕು ಅಂದರೆ ಮೊದಲು ಹಸಿವನ್ನು ಕೂಡಿಡಬೇಕು. ಅದಕ್ಕೇ ಹಡಗು ಮಲೇಷ್ಯಾದ ಪೆನಾಂಗ್ ಸೇರುವ ದಿನ ಬೆಳಗ್ಗೆ ನಾನು ಬರೀ ಕಾಫಿ ಕುಡಿದು ಕೂತೆ.

ಭಾವನಿಗೆ ಇದು ಸರಿ ಕಾಣಲಿಲ್ಲ. ತಟ್ಟೆ ತುಂಬ ಹಾಕಿಕೊಂಡು ಎದುರಿಗೆ ಬಂದು ಕೂತರು.

"ಇಲ್ಲಿ ಊಟಕ್ಕೆ ದುಡ್ಡು ಕಟ್ಟಿಯಾಗಿದೆ. ಇದನ್ನ ಬಿಟ್ಟು ಹೊರಗೆ ಹೋಗಿ ಇನ್ನೊಂದು ಸಲ ಕೊಡೋದು ಅಂದ್ರೆ ಒಂದೇ ಊಟಕ್ಕೆ ಎರಡು ಬಿಲ್ಲು ಕಣಮ್ಮ" ಅಂದರು.

"ನೀವು ಇಲ್ಲೇ ತಿನ್ನಿ ಭಾವ, ಅಲ್ಲಿ ಸುಮ್ನೆ ನಮ್ಮ ಜೊತೆ ನಡೀರಿ ಸಾಕು" ಅಂದೆ.

ಅಕ್ಕ ಮಾತಾಡಲಿಲ್ಲ. ಒಂದೇ ಒಂದು ಹೋಳು ಪಪ್ಪಾಯಿ ತಿಂದು ಕೈ ತೊಳೆದುಕೊಂಡಳು. ಅವಳು ಯಾವ ಪಕ್ಷ ಅಂತ ಗೊತ್ತಾಯಿತು.

ಸಿಂಗಾಪುರದಿಂದ ಹೊರಟ ಹಡಗು ಮಲಾಕ್ಕಾ ಜಲಸಂಧಿಯಲ್ಲಿ ರಾತ್ರಿಯೆಲ್ಲ ಸಾಗಿ ಮಧ್ಯಾಹ್ನದ ಹೊತ್ತಿಗೆ ಪೆನಾಂಗ್ ದ್ವೀಪದ ಜಾರ್ಜ್ ಟೌನ್ ಮುಟ್ಟಿತು. ಸಂಜೆ 7 ಗಂಟೆಗೆ ಎಲ್ಲರೂ ಒಳಗಿರಬೇಕು. ಊಟಕ್ಕೆ ಅಂತಲೇ ಇಳಿಯುವವರಿಗೆ ಇದಕ್ಕಿಂತ ಒಳ್ಳೆ ಬಂದರು ಸಿಗುವುದು ಕಷ್ಟ. ಎಷ್ಟೋ ಕಡೆ ಹಡಗು ನಿಲ್ಲುವ ಜಾಗ ಒಂದು, ಊರು ಇನ್ನೊಂದು. ಮಧ್ಯೆ ಬಸ್ಸಿನಲ್ಲಿ ಗಂಟೆಗಟ್ಟಲೆ ಹೋಗಬೇಕು. ಇಲ್ಲಿ ಹಡಗು ನಿಲ್ಲುವ ಕಟ್ಟೆಯಾದ ಸ್ವೆಟ್ಟನ್‌ಹ್ಯಾಮ್ ಪಿಯರ್‌ನಿಂದ ಹೊರಗೆ ಕಾಲಿಟ್ಟರೆ ಹಳೇ ಊರೇ ಎದುರಿಗಿದೆ. ಗೇಟಿನ ಆಚೆ ಬಿಳಿ ಗಡಿಯಾರ ಗೋಪುರ ನಿಂತಿದೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 60 ವರ್ಷ ತುಂಬಿದ್ದಕ್ಕೆ ಕಟ್ಟಿಸಿದ್ದು, ವರ್ಷಕ್ಕೊಂದು ಅಡಿಯಂತೆ 60 ಅಡಿ ಎತ್ತರ. ಸಂಜೆ ದಾರಿ ತಪ್ಪಿದರೆ ಇದನ್ನು ಕೇಳಿದರಾಯಿತು ಅಂತ ಅಕ್ಕ ಅದರ ಫೋಟೋ ಹೊಡೆದಿಟ್ಟುಕೊಂಡಳು.

ಹಡಗಿನವರೇ ನಡೆಸುವ ಟೂರಿನಲ್ಲಿ ಹೋದರೆ ಒಂದು ಅನುಕೂಲ ಇದೆ. ಬಸ್ಸು ತಡವಾದರೆ ಹಡಗು ಕಾಯುತ್ತದೆ. ನಮ್ಮ ಪಾಡಿಗೆ ನಾವು ಹೋಗಿ ತಡವಾದರೆ ಕಾಯುವುದಿಲ್ಲ. ಮುಂದಿನ ಬಂದರಿಗೆ ನಮ್ಮ ಖರ್ಚಿನಲ್ಲಿ ಹೋಗಿ ಹಡಗು ಹಿಡಿಯಬೇಕು. ಈ ಭಯಕ್ಕೇ ಎಷ್ಟೋ ಜನ ಪಿಯರ್ ಪಕ್ಕದ ಮೊದಲ ಹೋಟೆಲಿಗೆ ನುಗ್ಗಿ, ಫೋಟೋ ಹಾಕಿದ ಮೆನು ಹಿಡಿದು, ಹಡಗಿನಲ್ಲೇ ಸಿಗುವಂಥ ನೂಡಲ್ಸ್ ತಿಂದು ಬರುತ್ತಾರೆ. ನನ್ನ ಲೆಕ್ಕ ಬೇರೆ. ಮೊದಲು ದೂರದ ತುದಿಗೆ ಹೋಗಿಬಿಡಬೇಕು, ಆಮೇಲೆ ತಿನ್ನುತ್ತಾ ತಿನ್ನುತ್ತಾ ಹಡಗಿನ ಕಡೆಗೆ ಬರಬೇಕು. ಹೊಟ್ಟೆ ಭಾರವಾಗುತ್ತಾ ಹೋದ ಹಾಗೆ ದಾರಿ ಕಮ್ಮಿಯಾಗುತ್ತದೆ. ಕೈಗಡಿಯಾರವನ್ನೂ ಪದೇ ಪದೇ ನೋಡಬೇಕಿಲ್ಲ. ಫೋನಿನ ಆ್ಯಪಿನಲ್ಲಿ ಕರೆಸುವ ಗ್ರ್ಯಾಬ್ ಕಾರು ಹಿಡಿದು ಮೂವರೂ ಪೆನಾಂಗ್ ರೋಡಿಗೆ ಹೋದೆವು.

ಅಲ್ಲಿಯ ಮೂಲೆಯೊಂದರಲ್ಲಿ ಕೊಪಿಟಿಯಮ್, ಅಂದರೆ ಕಾಫಿ ಅಂಗಡಿ. ಹೊರಗಿನವರಿಗೆ ಇದರ ಪದ್ಧತಿ ಮೊದಲು ಗೊಂದಲ ಅನ್ನಿಸುತ್ತದೆ. ಅಂಗಡಿ ಒಬ್ಬರದು, ಅವರು ಮಾರುವುದು ಕಾಫಿ, ಟೀ, ತಂಪು ಪಾನೀಯ ಮಾತ್ರ. ಒಳಗೆ ಗೋಡೆಗುಂಟ ನಿಂತಿರುವ ತಿಂಡಿಯ ಗಾಡಿಗಳು ಬೇರೆ ಬೇರೆಯವರದು, ಜಾಗಕ್ಕೆ ಬಾಡಿಗೆ ಕೊಡುತ್ತಾರೆ. ನಾವು ಮೊದಲು ಮೇಜು ಹಿಡಿಯಬೇಕು. ಆಮೇಲೆ ಗಾಡಿ ಗಾಡಿಗೂ ಹೋಗಿ ಹೇಳಿ, ಮೇಜಿನ ನಂಬರು ತಿಳಿಸಿ ಬಂದು ಕೂರಬೇಕು. ತಟ್ಟೆ ಬಂದಾಗ ತಂದವರ ಕೈಗೇ ದುಡ್ಡು. ಕುಡಿಯಲು ಏನೂ ಹೇಳದೆ ಕೂತರೆ ಅಂಗಡಿಯವರ ಮುಖ ಗಂಟಾಗುತ್ತದೆ. ಕೆಲವು ಕಡೆ ಕೂತಿದ್ದಕ್ಕೇ ಒಂದಿಷ್ಟು ಸೆನ್, ಅಂದರೆ ಅಲ್ಲಿಯ ಪೈಸೆ, ಕೇಳುತ್ತಾರೆ, ಅದು ನ್ಯಾಯವೇ. ಅಂಥ ಕಡೆ ಕಾರ್ಡು ನಡೆಯುವುದು ಅಪರೂಪ, ಅಲ್ಲಿಯ ದುಡ್ಡು ರಿಂಗಿಟ್ ಸಣ್ಣ ನೋಟಿನಲ್ಲಿ ಜೇಬಿನಲ್ಲಿರಬೇಕು. ಭಾವ ಸಿಂಗಾಪುರದಲ್ಲೇ ಬದಲಾಯಿಸಿ ತಂದಿದ್ದರು. ಖರ್ಚೇ ಬೇಡ ಅಂದವರ ಜೇಬಿನಲ್ಲೇ ಚಿಲ್ಲರೆ ಜಾಸ್ತಿ ಇತ್ತು!

ನಾನು ಹೋಗಿ ನಿಂತದ್ದು ಚಾರ್ ಕ್ವೇ ತಿಯೋ ಗಾಡಿಯ ಮುಂದೆ. ಇದು ಅಕ್ಕಿಯ ಅಗಲ ನೂಡಲ್ಸನ್ನು ಜೋರು ಉರಿಯಲ್ಲಿ ಹುರಿದು ಕೊಡುವ ತಿಂಡಿ. ಬನಿಯನ್ ಹಾಕಿದ ಮುದುಕರೊಬ್ಬರು ಮಾಡುತ್ತಿದ್ದರು. ಕೆಳಗೆ ಇದ್ದಿಲ ಒಲೆ, ಅದರ ಬಾಯಿಗೆ ಒಂದು ಪುಟ್ಟ ಫ್ಯಾನು. ಬಾಣಲೆ ಹೊಗೆಯಾಡುವ ತನಕ ಕಾದರು. ಬೆಳ್ಳುಳ್ಳಿ ಬಿತ್ತು, ಹಿಂದೆಯೇ ಸಿಗಡಿ. ಮುಷ್ಟಿ ನೂಡಲ್ಸ್, ಒಂದು ಸೌಟು ಕಪ್ಪು ಸೋಯಾ ನೀರು, ಅರೆದ ಮೆಣಸಿನಕಾಯಿ. ಎಲ್ಲವನ್ನೂ ಪಕ್ಕಕ್ಕೆ ತಳ್ಳಿ ನಡುವೆ ಜಾಗ ಮಾಡಿ ಮೊಟ್ಟೆ ಒಡೆದರು. ಅದು ಅರ್ಧ ಗಟ್ಟಿಯಾಗುತ್ತಿದ್ದಂತೆ ನೂಡಲ್ಸನ್ನು ಅದರ ಮೇಲೆ ಎಳೆದರು. ಕೊನೆಗೆ ಮೊಳಕೆ ಕಾಳು, ಹಸಿರು ಸೊಪ್ಪು, ಚಿಪ್ಪುಮೀನು. ಚಿಪ್ಪುಮೀನು ಬಿದ್ದ ಕೆಲವೇ ಕ್ಷಣಕ್ಕೆ ತಟ್ಟೆಗೆ ಬಂತು. ನನ್ನ ಹಿಂದೆ ಜನ ಸಾಲುಗಟ್ಟಿದ್ದರೂ ಅವರು ಮಾಡಿದ್ದು ಒಂದು ಸಲಕ್ಕೆ ಒಂದೇ ತಟ್ಟೆ. ಎರಡು ತಟ್ಟೆಯದ್ದು ಒಟ್ಟಿಗೆ ಹಾಕಿದರೆ ಬಾಣಲೆ ತಣ್ಣಗಾಗಿ ನೀರು ಬಿಡುತ್ತದೆ, ಹುರಿಯುವ ಬದಲು ಬೇಯುತ್ತದೆ. ಸಾವಿರಾರು ಜನರಿಗೆ ಒಟ್ಟಿಗೆ ಮಾಡುವ ಹಡಗಿನ ಅಡುಗೆಮನೆ ಎಷ್ಟೇ ದೊಡ್ಡದಿರಲಿ, ಈ ಸುಟ್ಟ ವಾಸನೆಯ ರುಚಿ ಅಲ್ಲಿ ಹುಟ್ಟುವುದಿಲ್ಲ.

ಇದನ್ನು ಹಂದಿ ಕೊಬ್ಬಿನಲ್ಲಿ ಹುರಿಯುವುದೇ ಹೆಚ್ಚು, ಆ ಗಾಡಿಯಲ್ಲೂ ಹಾಗೇ. ಭಾವ ಹಂದಿ ತಿನ್ನುವುದಿಲ್ಲ, ಆದ್ದರಿಂದ ಕೇಳಿ ತಿಳಿದುಕೊಂಡೆ. ನಾಚಿಕೆ ಪಡದೆ ಕೇಳಬೇಕು, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ. ಇಡೀ ತಟ್ಟೆ ನನ್ನ ಪಾಲಿಗೇ ಬಂತು. ಅರ್ಧಕ್ಕೇ ನಿಲ್ಲಿಸಬೇಕು ಅಂದುಕೊಂಡಿದ್ದೆ, ನಿಲ್ಲಿಸಲಿಲ್ಲ.

ಭಾವನ ಮುಂದೆ ಬಂದದ್ದು ಅಸಾಮ್ ಲಕ್ಸಾ. ಅವರೇ ತರಿಸಿಕೊಂಡದ್ದು, ನಾನು ಬಾಯಿ ಬಿಟ್ಟಿರಲಿಲ್ಲ. ಬಂಗುಡೆ ಮೀನನ್ನು ಬೇಯಿಸಿ, ಮುಳ್ಳು ತೆಗೆದು, ಪುಡಿಯಾಗುವಂತೆ ಕದಡಿದ ಹುಣಸೆ ಹುಳಿಯ ಸಾರು. ಅದರಲ್ಲಿ ದಪ್ಪ ಅಕ್ಕಿ ನೂಡಲ್ಸ್. ಮೇಲೆ ಸೌತೆಕಾಯಿ, ಅನಾನಸ್, ಈರುಳ್ಳಿ, ಪುದೀನ, ಜೊತೆಗೆ ಶುಂಠಿ ಜಾತಿಯ ಒಂದು ಗಿಡದ ಗುಲಾಬಿ ಬಣ್ಣದ ಮೊಗ್ಗನ್ನು ಸಣ್ಣಗೆ ಹೆಚ್ಚಿ ಹಾಕಿರುತ್ತಾರೆ. ಚಮಚದಲ್ಲಿ ಬೇರೆಯಾಗಿ ಸಿಗಡಿಯ ಕಪ್ಪು ಪಾಕ. ತೆಂಗಿನ ಹಾಲು ಹಾಕುವ ಲಕ್ಸಾ ಬೇರೆ, ಪೆನಾಂಗ್‌ನವರು ಹೆಮ್ಮೆ ಪಡುವುದು ಈ ಹುಳಿಯದ್ದಕ್ಕೆ. ಮೊದಲ ಚಮಚಕ್ಕೆ ಭಾವ ಕಣ್ಣು ಮುಚ್ಚಿದರು. ಚೆನ್ನಾಗಿದೆಯೋ ಇಲ್ಲವೋ ಅಂತ ನಾವು ಕಾದೆವು. ಅವರು ಏನೂ ಹೇಳದೆ ಬಟ್ಟಲನ್ನು ಸ್ವಲ್ಪ ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಎರಡು ಬಿಲ್ಲಿನ ಮಾತು ಬರಲಿಲ್ಲ.

ಅಷ್ಟು ಹೊತ್ತೂ ಅಕ್ಕ ಕೊಪಿ-ಓ ಕುಡಿಯುತ್ತಾ ಕೂತಿದ್ದಳು. ಹಾಲಿಲ್ಲದ, ಸಕ್ಕರೆ ಹಾಕಿದ ಕಪ್ಪು ಕಾಫಿ. ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಕಪ್ಪಗೆ ಹುರಿಯುವುದರಿಂದ ಒಂಥರಾ ಕಮರು ವಾಸನೆ. ಅವಳಿಗೆ ಹಿಡಿಸಿತು. ನನಗೆ ಅಷ್ಟಕ್ಕಷ್ಟೇ.

ಪಕ್ಕದ ಕೆಂಗ್ ಕ್ವೀ ಗಲ್ಲಿಯಲ್ಲಿ ಚೆಂಡೋಲ್ ಮಾರುತ್ತಾರೆ. ಹೆರೆದ ಐಸು, ತೆಂಗಿನ ಹಾಲು, ಕಪ್ಪು ಬೆಲ್ಲದ ಪಾಕ, ಬೆಂದ ಕೆಂಪು ಕಾಳು, ಪಾಂಡಾನ್ ಅನ್ನುವ ಘಮದ ಎಲೆಯ ಬಣ್ಣದ ಹಸಿರು ಎಳೆಗಳು. ಮೂವರೂ ತಿನ್ನಬಹುದಾದ ಮೊದಲ ಪದಾರ್ಥ ಇದು. ಗಲ್ಲಿಯಲ್ಲಿ ನಿಂತೇ ತಿಂದೆವು. ಐಸು ತಿನ್ನಬಹುದಾ ಅಂತ ಭಾವ ಕೇಳಿದರು. ನಾನು ಇಂಥ ಕಡೆ ನೋಡುವುದು ಒಂದೇ: ಎಷ್ಟು ಬೇಗ ಖರ್ಚಾಗುತ್ತಿದೆ ಅಂತ. ಅಲ್ಲಿ ಬಟ್ಟಲು ಕೆಳಗಿಡಲು ಪುರುಸೊತ್ತಿರಲಿಲ್ಲ. ಜನ ಇಲ್ಲದ ಕಡೆ, ಗಾಜಿನ ಪೆಟ್ಟಿಗೆಯಲ್ಲಿ ಬೆಳಗ್ಗಿನಿಂದ ಕೂತ ತಿಂಡಿಯ ಬಗ್ಗೆ ನನಗೆ ಹೆದರಿಕೆ, ಐಸಿನ ಬಗ್ಗೆ ಅಲ್ಲ.

ಇನ್ನು ಅಕ್ಕನ ಊಟ. ಅವಳು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮಲೇಷ್ಯಾದಲ್ಲಿ ಬರೀ "ಮಾಂಸ ಬೇಡ" ಅಂದರೆ ಸಾಲದು. ಸೊಪ್ಪಿನ ಪಲ್ಯ ಅಂತ ತರಿಸಿಕೊಂಡರೆ ಅದರಲ್ಲಿ ಬೆಲಾಚನ್, ಅಂದರೆ ಸಿಗಡಿ ಹುದುಗಿಸಿ ಮಾಡಿದ ಮಸಾಲೆ, ಸೇರಿರುತ್ತದೆ. ಭಾರತೀಯರ ಅಂಗಡಿಗಳಿರುವ ಲಿಟಲ್ ಇಂಡಿಯಾಕ್ಕೆ ಹೋದರೆ ಬಾಳೆ ಎಲೆ ಊಟ ಸಲೀಸಾಗಿ ಸಿಗುತ್ತದೆ, ಅಲ್ಲಿಗೇ ಹೋಗೋಣ ಅಂದೆ. ಅವಳು ಒಪ್ಪಲಿಲ್ಲ. "ನೀವಿಬ್ಬರೂ ಹೊಸದು ತಿಂದಿರಿ, ನನಗೆ ಮಾತ್ರ ಸಾಂಬಾರಾ?" ಅಂದಳು. ಕೇಳಬೇಕಾದ ಮಾತೇ.

ಊರಿನ ಚೀನೀಯರಲ್ಲಿ ಬೌದ್ಧರು ತುಂಬ ಜನ. ಚಾಂದ್ರಮಾನ ತಿಂಗಳ ಮೊದಲ ದಿನ, ಹದಿನೈದನೇ ದಿನ ಸಸ್ಯಾಹಾರ ಮಾಡುವವರಿದ್ದಾರೆ, ಆದ್ದರಿಂದ ಅದಕ್ಕೆಂದೇ ಹೋಟೆಲುಗಳಿವೆ. ಹಳೇ ಅಂಗಡಿ ಮನೆಗಳ ಮುಂದಿನ ಜಗಲಿಯಲ್ಲಿ ನಡೆಯುತ್ತಾ ಹುಡುಕಿದೆವು. ಜಾರ್ಜ್ ಟೌನ್‌ನ ಈ ಭಾಗ 2008ರಲ್ಲಿ ಮಲಾಕ್ಕಾ ಊರಿನ ಜೊತೆ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಸಾಲು ಮನೆಗಳ ಮುಂದೆ ಉದ್ದಕ್ಕೂ ಮಾಡು ಇರುವ ಜಗಲಿ, ಬಿಸಿಲು ಮಳೆ ಎರಡಕ್ಕೂ ಆಸರೆ. ಆದರೆ ಒಂದು ಜಗಲಿಯಿಂದ ಇನ್ನೊಂದಕ್ಕೆ ಎತ್ತರ ತಗ್ಗು, ನಡುವೆ ಯಾರದೋ ಬೈಕು, ಹೂಕುಂಡ. ತಲೆ ಎತ್ತಿ ನಡೆಯುವ ಹಾಗಿಲ್ಲ. ಕಡೆಗೆ ಕಂಡುಹಿಡಿದವಳು ಅಕ್ಕನೇ. ಬೋರ್ಡಿನ ಮೇಲೆ ಬೌದ್ಧರ ಗುರುತಾದ, ಎಡಕ್ಕೆ ತಿರುಗಿದ ಸ್ವಸ್ತಿಕ ಇತ್ತು.

ಒಳಗೆ ಉದ್ದನೆಯ ಮೇಜಿನ ಮೇಲೆ ಸಾಲಾಗಿ ಟ್ರೇಗಳು. ನಾವೇ ತಟ್ಟೆಗೆ ಅನ್ನ ಹಾಕಿಕೊಂಡು ಬೇಕಾದ್ದು ಬಡಿಸಿಕೊಳ್ಳಬೇಕು. ಬೌದ್ಧ ಪದ್ಧತಿಯ ಅಡುಗೆ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ಹಾಗಲಕಾಯಿ, ಬದನೆ, ತೋಫು, ನಾಲ್ಕೈದು ಬಗೆಯ ಅಣಬೆ. ಒಂದು ಟ್ರೇಯಲ್ಲಿ ಮಾತ್ರ ಇಡೀ ಮೀನು! ಸೋಯಾದಲ್ಲಿ ಮಾಡಿ, ಚರ್ಮದ ಜಾಗಕ್ಕೆ ಕಡಲ ಪಾಚಿಯ ಹಾಳೆ ಸುತ್ತಿದ್ದು. ಅಕ್ಕ ಅದನ್ನು ಬಗ್ಗಿ ನೋಡಿ, ನೋಡಿ, ಬಿಟ್ಟು ಮುಂದೆ ಹೋದಳು. ಕೊನೆಗೆ ಕನ್ನಡಕದ ಹೆಂಗಸೊಬ್ಬರು ಕೂತಿದ್ದರು. ತೂಕ ಇಲ್ಲ, ಎಣಿಕೆ ಇಲ್ಲ. ತಟ್ಟೆಯನ್ನು ಒಂದು ಸಲ ನೋಡಿದರು, ಬೆರಳು ತೋರಿಸಿ ಬೆಲೆ ಹೇಳಿದರು. ಹಿಂದಿನವರ ತಟ್ಟೆ ಇನ್ನೂ ತುಂಬಿತ್ತು, ಆದರೂ ಕಮ್ಮಿ ಆಯಿತು. ಅಣಬೆಗೆ ಜಾಸ್ತಿ, ಸೊಪ್ಪಿಗೆ ಕಮ್ಮಿ ಅಂತ ಆಮೇಲೆ ಭಾವ ಲೆಕ್ಕ ಬಿಡಿಸಿದರು. ಅಕ್ಕ ಎರಡನೇ ಸಲ ಹೋಗಿ ಹಾಗಲಕಾಯಿ ಮಾತ್ರ ಹಾಕಿಸಿಕೊಂಡು ಬಂದಳು.

ಬಿಸಿಲು ಇಳಿದಿರಲಿಲ್ಲ. ದಾರಿಯಲ್ಲಿ ಜಾಯಿಕಾಯಿ ಜ್ಯೂಸು ಕುಡಿದೆವು. ಬೀಜ ಸಾಂಬಾರಕ್ಕೆ ಹೋಗುತ್ತದೆ, ಸುತ್ತಲಿನ ತಿರುಳಿನಿಂದ ಇಲ್ಲಿ ಜ್ಯೂಸು ಮಾಡುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯವರು ದ್ವೀಪದಲ್ಲಿ ಜಾಯಿಕಾಯಿ ತೋಟ ಮಾಡಿಸಿದ್ದರು, ಅದರ ರುಚಿ ಊರಿನಲ್ಲಿ ಉಳಿದುಕೊಂಡಿದೆ. ಹುಳಿ, ಸಿಹಿ, ಗಂಟಲಿನ ಹತ್ತಿರ ಸಣ್ಣ ಖಾರ. ಇಡೀ ದಿನದಲ್ಲಿ ನನಗೆ ಇನ್ನೊಂದು ಲೋಟ ಬೇಕು ಅನ್ನಿಸಿದ್ದು ಇದೇ.

ಲಿಟಲ್ ಇಂಡಿಯಾದಲ್ಲಿ ಟೀ ಎತ್ತಿ ಹೊಯ್ಯುವುದನ್ನು ನೋಡಿ ಒಂದು ಲೋಟ ಮೂವರೂ ಹಂಚಿಕೊಂಡೆವು. ಹೊಟ್ಟೆಯಲ್ಲಿ ಜಾಗ ಅಷ್ಟೇ ಉಳಿದಿತ್ತು. ಅನ್ನಕ್ಕೆ ಬಗೆಬಗೆಯ ಸಾರು ಸುರಿದು ಕೊಡುವ ನಾಸಿ ಕಂದರ್ ತಿನ್ನಲಾಗಲಿಲ್ಲ, ಪರೋಟದಂಥ ರೋಟಿ ಚನಾಯ್ ಮುಟ್ಟಲಿಲ್ಲ. ಒಂದು ಮಧ್ಯಾಹ್ನಕ್ಕೆ ಒಂದೇ ಹೊಟ್ಟೆ, ಏನು ಮಾಡುವುದು. ಐದೂವರೆಗೆಲ್ಲ ಗಡಿಯಾರ ಗೋಪುರದ ಹತ್ತಿರ ಬಂದು ಕೂತಿದ್ದೆವು. ಬೇಯಿಸಿದ ತಿಂಡಿ ಹಡಗಿನೊಳಗೆ ಬಿಡುವುದಿಲ್ಲ, ಹೆಚ್ಚಿದ ಹಣ್ಣೂ ಇಲ್ಲ. ಅಕ್ಕ ತಂದಿದ್ದ ಜಾಯಿಕಾಯಿ ಒಣತಿಂಡಿಯ ಸೀಲ್ ಮಾಡಿದ ಪ್ಯಾಕೆಟ್ಟುಗಳನ್ನು ಮಾತ್ರ ಸ್ಕ್ಯಾನ್ ಮಾಡಿ ಬಿಟ್ಟರು.

ಮಾರನೇ ದಿನ ಫುಕೆಟ್. ಇದೇ ಉತ್ಸಾಹದಲ್ಲಿ ಭಾವ ಬೆಳಗ್ಗೆ ತಿಂಡಿಯನ್ನೇ ಬಿಟ್ಟು ಕೂತಿದ್ದರು. ಅಲ್ಲಿ ನಮ್ಮ ಹಡಗು ಪಾಟಾಂಗ್ ಬೀಚಿನಿಂದ ದೂರದಲ್ಲಿ ಲಂಗರು ಹಾಕಿತು. ಸಣ್ಣ ದೋಣಿಗೆ ಟೋಕನ್ ತೆಗೆದುಕೊಂಡು, ಸಾಲಿನಲ್ಲಿ ನಿಂತು ದಡ ಸೇರಬೇಕು. ವಾಪಸ್ ಬರಲೂ ಅಷ್ಟೇ ಸಾಲು. ಥಾಯ್ಲೆಂಡಿನ ಸಮಯ ಒಂದು ಗಂಟೆ ಹಿಂದೆ, ಹಡಗಿನ ಗಡಿಯಾರ ಬದಲಾಗಿಲ್ಲ ಅಂತ ಬೇರೆ ಎಚ್ಚರಿಸಿದರು. ಬೀಚಿನ ಮುಂದೆ ಇದ್ದದ್ದೆಲ್ಲ ಫೋಟೋ ಮೆನು ಹಿಡಿದು ಕರೆಯುವ ಹೋಟೆಲುಗಳು. ಊರೊಳಗೆ ಒಳ್ಳೆಯದು ಖಂಡಿತ ಇರುತ್ತದೆ, ಹುಡುಕಲು ನಮ್ಮ ಹತ್ತಿರ ಹೊತ್ತಿರಲಿಲ್ಲ. ಒಂದೊಂದು ಎಳನೀರು ಕುಡಿದು, ಕಾಲು ಒದ್ದೆ ಮಾಡಿಕೊಂಡು, ಮುಂದಿನ ದೋಣಿ ಹಿಡಿದೆವು. ಹಡಗಿನ ಬಫೆ ಮೂರು ಗಂಟೆಗೆ ಮುಚ್ಚುವುದರಲ್ಲಿತ್ತು. ನಾವು ಮೂವರೂ ಮೆಟ್ಟಿಲು ಓಡಿ ಹತ್ತಿದೆವು.